ಕೊಪ್ಪಳ ಬಿಟ್ಟುಕೊಟ್ಟು ಆದವಾನಿ ತಗೊಂಡರು

ಅರೇಬಿಯಾದ ಮರಳುಗಾಡಿನಲ್ಲಿ ಇಂಗ್ಲಿಷರು ಗಡಿ ಎಳೆದ ಕಥೆಗೂ ನಮ್ಮ ಕೋಸಗಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಅಲ್ಲಿ ಗೆರೆ ಎಳೆದವರೂ ಇಲ್ಲಿ ಗೆರೆ ಎಳೆದವರೂ ಒಂದೇ ಗರಡಿಯವರು. ಹೈದರಾಬಾದಿನಲ್ಲಿ ನಿಜಾಮನ ಪಕ್ಕದಲ್ಲಿ ಕೂತಿದ್ದ ದೊರೆಗೂ ರೆಸಿಡೆಂಟ್ ಎಂದೇ ಹೆಸರು, ಪರ್ಶಿಯನ್ ಕೊಲ್ಲಿಯ ಬುಶೈರ್ ಊರಲ್ಲಿ ಕೂತು ಅರಬ್ ಶೇಖರನ್ನು ಆಡಿಸುತ್ತಿದ್ದ ದೊರೆಗೂ ರೆಸಿಡೆಂಟ್ ಎಂದೇ ಹೆಸರು. ಕೊಲ್ಲಿಯ ಆ ಕಛೇರಿ 1947ರ ತನಕ ಭಾರತ ಸರ್ಕಾರದ ಕೈಕೆಳಗೇ ಇತ್ತು. ಕುವೈತಿನಲ್ಲಿ, ಬಹರೇನಿನಲ್ಲಿ ನಮ್ಮ ರೂಪಾಯಿಯೇ ಓಡುತ್ತಿತ್ತು. ರಾಯಲಸೀಮೆಯಿಂದ, ಅದರಲ್ಲೂ ಕಡಪ ಕಡೆಯಿಂದ, ದುಡಿಯಲಿಕ್ಕೆ ಕುವೈತಿಗೆ ಹೋಗುವ ನಮ್ಮ ಜನ ತಾವು ಹೊಸ ದಾರಿ ತುಳಿದಿದ್ದೇವೆ ಅಂದುಕೊಳ್ಳುತ್ತಾರೆ. ಆ ದಾರಿಯಲ್ಲಿ ಕಾಗದಪತ್ರ ಓಡಾಡಿ ನೂರಾರು ವರ್ಷ ಆಗಿದೆ!

ಗಡಿ ಅಂದ ಕೂಡಲೇ ನಮ್ಮ ಕಡೆ ಎರಡೇ ಮಾತು ಕೇಳುತ್ತೇವೆ. ಒಂದು, ‘ಅಯ್ಯೋ ನಮ್ಮನ್ನು ಆಂಧ್ರಕ್ಕೆ ಹಾಕಿಬಿಟ್ಟರು’ ಎಂಬ ಕೊರಗು. ಎರಡು, ‘ಆಗಿದ್ದು ಆಗಿಹೋಯಿತು, ಈಗೇಕೆ ಆ ಮಾತು’ ಎಂಬ ಬೇಸರ. ಈ ಎರಡೂ ಮಾತು ಆಡುವವರಿಗೆ ಗಡಿ ಹೇಗೆ ಬಂತು ಎಂಬುದು ಗೊತ್ತಿಲ್ಲ ಎಂಬುದೇ ನಮ್ಮ ತಕರಾರು. ಗೊತ್ತಿಲ್ಲದ್ದಕ್ಕೆ ಅವರನ್ನು ಬೈದು ಉಪಯೋಗವಿಲ್ಲ, ಶಾಲೆಯಲ್ಲಿ ನಾವು ಹೇಳಿಕೊಟ್ಟರೆ ತಾನೆ ಗೊತ್ತಾಗುವುದು? ಸಹಾಯಕ ಸೈನ್ಯ ಪದ್ಧತಿ ಎಂಬ ಪಾಠ ಎಲ್ಲರೂ ಓದಿದ್ದೇವೆ. ತಂದವನು ವೆಲ್ಲೆಸ್ಲಿ, ಮೊದಲು ಒಪ್ಪಿದವನು ನಿಜಾಮ, ವರ್ಷ 1798. ಒಂದು ಮಾರ್ಕಿನ ಪ್ರಶ್ನೆ, ಉತ್ತರ ಬರೆದರೆ ಮುಗಿಯಿತು. ಆ ಪದ್ಧತಿಯಿಂದಲೇ ನಮ್ಮ ಊರು, ನಮ್ಮ ಹೊಲ, ನಮ್ಮ ಹೊಳೆ ಕೈ ಬದಲಾದವು ಎಂಬುದು ಆ ಒಂದು ಮಾರ್ಕಿನಲ್ಲಿ ಇಲ್ಲ.

ಮೊದಲು ಮರಳುಗಾಡಿನ ಕಥೆ ಹೇಳಿಬಿಡೋಣ.

1922ರ ನವೆಂಬರ್ ಕೊನೆ. ಅರೇಬಿಯಾದ ಪೂರ್ವ ಕರಾವಳಿಯಲ್ಲಿ ಉಕೈರ್ ಎಂಬ ಸಣ್ಣ ಬಂದರು. ಅಲ್ಲಿ ಡೇರೆ ಹಾಕಿ ಸಭೆ ಸೇರಿದರು. ಒಂದು ಕಡೆ ನಜ್ದ್ ಸೀಮೆಯ ಇಬ್ನ್ ಸೌದ್, ಮುಂದೆ ಸೌದಿ ಅರೇಬಿಯಾ ಕಟ್ಟಿದವನು. ಇನ್ನೊಂದು ಕಡೆ ಇರಾಕಿನ ಪ್ರತಿನಿಧಿ. ಕುವೈತಿನ ಪರವಾಗಿ ಕುವೈತಿನವರು ಯಾರೂ ಇಲ್ಲ, ಅಲ್ಲಿನ ಇಂಗ್ಲಿಷ್ ಏಜೆಂಟ್ ಮೇಜರ್ ಮೋರ್ ಕೂತಿದ್ದ. ಮಧ್ಯಸ್ಥ ಸರ್ ಪರ್ಸಿ ಕಾಕ್ಸ್. ಈ ಕಾಕ್ಸ್ ಭಾರತದ ಸೇನೆಯಿಂದ ಭಾರತ ಸರ್ಕಾರದ ರಾಜಕೀಯ ಇಲಾಖೆಗೆ ಹೋಗಿ, ಬುಶೈರಿನ ರೆಸಿಡೆಂಟ್ ಆಗಿದ್ದು, ಆಮೇಲೆ ಇರಾಕಿನ ಹೈಕಮಿಷನರ್ ಆದವನು. ದಿನಗಟ್ಟಲೆ ವಾದ ನಡೆಯಿತು. ಇಬ್ನ್ ಸೌದ್ ಹೇಳಿದ್ದು, ಮರಳುಗಾಡಿನಲ್ಲಿ ಗೆರೆ ಎಂಬುದೇ ಇಲ್ಲ, ಯಾವ ಕುಲ ಯಾವ ಬಾವಿಯ ನೀರು ಕುಡಿಯುತ್ತದೋ ಅದೇ ಅದರ ಸೀಮೆ ಎಂದು. ಇರಾಕಿನವರು ಹೇಳಿದ್ದು, ಗೆರೆ ಬೇಕೇ ಬೇಕು, ಅದೂ ದಕ್ಷಿಣಕ್ಕೆ ಬಹಳ ದೂರ ಬೇಕು ಎಂದು. ಕೊನೆಗೆ ಕಾಕ್ಸ್‌ಗೆ ತಾಳ್ಮೆ ಕೆಟ್ಟಿತು. ಅಲ್ಲಿದ್ದ ಡಿಕ್ಸನ್ ಎಂಬ ಅಧಿಕಾರಿ ಆಮೇಲೆ ಬರೆದಿಟ್ಟ ಪ್ರಕಾರ, ಇಬ್ನ್ ಸೌದನನ್ನು ತುಂಟ ಶಾಲಾ ಹುಡುಗನನ್ನು ಗದರಿಸಿದಂತೆ ಗದರಿಸಿ, ಕೆಂಪು ಪೆನ್ಸಿಲ್ ತಗೊಂಡು ನಕ್ಷೆ ಮೇಲೆ ಗೆರೆ ಎಳೆದೇಬಿಟ್ಟ. ಇರಾಕಿಗೆ ಬಹಳಷ್ಟು ಸಿಕ್ಕಿತು. ಅದರ ನಷ್ಟ ತುಂಬಲಿಕ್ಕೆ ಇಬ್ನ್ ಸೌದನಿಗೆ ಕುವೈತಿನ ನೆಲ ಕೊಟ್ಟರು. 1913ರಲ್ಲಿ ಇಂಗ್ಲಿಷರೂ ತುರ್ಕರೂ ಸೇರಿ ಕುವೈತಿನದೆಂದು ಬರೆದುಕೊಂಡಿದ್ದ ಸೀಮೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೋಯಿತು. ಕುವೈತಿನ ಶೇಖನಿಗೆ ಸುದ್ದಿ ಮುಟ್ಟಿದ್ದು ಎಲ್ಲ ಮುಗಿದ ಮೇಲೆ!

ಈ ಕಥೆ ಓದಿದವರು ಸಾಮಾನ್ಯವಾಗಿ ಪೆನ್ಸಿಲ್ಲಿನ ಮಾತು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಬಿಳಿಯರು ಸ್ಕೇಲು ಇಟ್ಟು ಗೆರೆ ಎಳೆದು ಜನರನ್ನು ಸೀಳಿದರು, ಮುಗೀತು. ಆದರೆ ಅದೇ ಉಕೈರಿನ ಕಾಗದದಲ್ಲಿ ಇನ್ನೂ ಎರಡು ಸಂಗತಿ ಇವೆ, ನಮಗೆ ಅವೇ ಮುಖ್ಯ ಅನ್ನಿಸುತ್ತವೆ. ಅದನ್ನು ಆಮೇಲೆ ಹೇಳುತ್ತೇವೆ. ಈಗ ನಮ್ಮ ಹೊಳೆ ದಂಡೆಗೆ ಬರೋಣ.

1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದ, 1799ರಲ್ಲಿ ಟಿಪ್ಪು ಸತ್ತ ಮೇಲೆ ಮೈಸೂರಿನ ಹಂಚಿಕೆ. ಎರಡರಲ್ಲೂ ನಿಜಾಮನಿಗೆ ಪಾಲು ಬಂತು. ಬಳ್ಳಾರಿ, ಗುತ್ತಿ, ರಾಯದುರ್ಗ, ಕೊಪ್ಪಳ ಎಲ್ಲ ಅವನ ಲೆಕ್ಕಕ್ಕೆ ಸೇರಿದವು. ಆದವಾನಿ (ಈಗ ಬೋರ್ಡಿನ ಮೇಲೆ ಆದೋನಿ) ಮೊದಲಿನಿಂದಲೇ ನಿಜಾಮನ ಮನೆತನದ್ದು. ನಿಜಾಮ ಅಲಿಯ ತಮ್ಮ ಬಸಾಲತ್ ಜಂಗ್ 1782ರಲ್ಲಿ ಸಾಯುವ ತನಕ ಅದನ್ನು ಜಹಗೀರಾಗಿ ಆಳಿದ. 1786ರಲ್ಲಿ ಟಿಪ್ಪು ಬಂದು ಮುತ್ತಿ, ಕೋಟೆ ಕೆಡವಿಸಿ ಹೋದ. ಮರುವರ್ಷ ಗಜೇಂದ್ರಗಡದ ಒಪ್ಪಂದದಲ್ಲಿ ತಿರುಗಿ ನಿಜಾಮನಿಗೇ ಬಂತು. ಅಂದರೆ ಹದಿನೈದು ಇಪ್ಪತ್ತು ವರ್ಷದಲ್ಲಿ ನಮ್ಮ ಸೀಮೆಯ ರೈತ ಯಾರ ಅಮಲ್ದಾರನಿಗೆ ಕಂದಾಯ ಕಟ್ಟಬೇಕು ಎಂದು ತಿಳಿಯದೆ ಹೋದ ಕಾಲ ಅದು.

1800ರ ಅಕ್ಟೋಬರ್ 12ರಂದು ಹೈದರಾಬಾದಿನಲ್ಲಿ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ಕಂಪನಿಯ ಕಡೆ ರೆಸಿಡೆಂಟ್ ಜೇಮ್ಸ್ ಅಕಿಲೀಸ್ ಕಿರ್ಕ್‌ಪ್ಯಾಟ್ರಿಕ್, ಆ ಕಡೆ ನಿಜಾಮ ಅಲಿ ಖಾನ್. ನಿಜಾಮನ ರಕ್ಷಣೆಗೆ ಇರುವ ಕಂಪನಿ ಪಡೆ ಇನ್ನೂ ದೊಡ್ಡದಾಗಬೇಕು, ಅದರ ಖರ್ಚಿಗೆ ತಿಂಗಳು ತಿಂಗಳು ರೊಕ್ಕ ಕೊಡುವ ಬದಲು ಸೀಮೆಯನ್ನೇ ಬರೆದುಕೊಡಬೇಕು. 1792ರಲ್ಲಿ, 1799ರಲ್ಲಿ ಮೈಸೂರಿನಿಂದ ಬಂದದ್ದನ್ನೆಲ್ಲ ನಿಜಾಮ ಕಂಪನಿಗೆ ಬರೆದುಕೊಟ್ಟ. ಒಂದು ಗುಂಡು ಹಾರಿಸದೆ ಬಂದ ಸೀಮೆ ಇದು. ಇದಕ್ಕೇ ದತ್ತ ಮಂಡಲ ಎಂದು ಹೆಸರಾಯಿತು, ಅಂದರೆ ಕೊಟ್ಟ ಸೀಮೆ. 1928ರಲ್ಲಿ ನಂದ್ಯಾಲದ ಸಭೆಯಲ್ಲಿ ಈ ಹೆಸರು ಅವಮಾನದ್ದು ಎಂದು ರಾಯಲಸೀಮೆ ಎಂದು ಕರೆದುಕೊಂಡರು. ರಾಯರು ಅಂದರೆ ವಿಜಯನಗರದವರು, ಕನ್ನಡ ತೆಲುಗು ಎರಡನ್ನೂ ಸಾಕಿದವರು. ಹೆಸರು ಒಳ್ಳೆಯದೇ.

ಈಗ ಮುಖ್ಯ ಮಾತು. ನಿಜಾಮ ಬರೆದುಕೊಟ್ಟ ಸೀಮೆಯಲ್ಲಿ ಆದವಾನಿ ಇರಲಿಲ್ಲ! ಅದು ಮೈಸೂರಿನಿಂದ ಬಂದದ್ದಲ್ಲ, ಅವನ ಹಳೆಯ ಆಸ್ತಿ. ಆದರೆ ಬರೆದುಕೊಟ್ಟದ್ದರಲ್ಲಿ ಕೊಪ್ಪಳ, ಗಜೇಂದ್ರಗಡ ಮೊದಲಾದವು ತುಂಗಭದ್ರೆಯ ಉತ್ತರಕ್ಕಿದ್ದವು. ಕಂಪನಿಗೆ ಅದು ಸರಿಬರಲಿಲ್ಲ. ತನ್ನ ಸೀಮೆಗೆ ಒಂದು ಸ್ಪಷ್ಟವಾದ, ಗಟ್ಟಿಯಾದ ಎಲ್ಲೆ ಬೇಕು, ಹೊಳೆಗಿಂತ ಸ್ಪಷ್ಟವಾದ ಎಲ್ಲೆ ಯಾವುದಿದೆ? ಅದಕ್ಕೆ ಒಂದು ಅದಲುಬದಲು ಮಾಡಿದರು. ಹೊಳೆಯ ಉತ್ತರದ ಕೊಪ್ಪಳ, ಗಜೇಂದ್ರಗಡ ನಿಜಾಮನೇ ಇಟ್ಟುಕೊಳ್ಳಲಿ, ಬದಲಿಗೆ ಹೊಳೆಯ ದಕ್ಷಿಣದ ಆದವಾನಿ ಕಂಪನಿಗೆ ಬರಲಿ. ಚಿಲ್ಲರೆ ಕೊಟ್ಟ ಹಾಗೆ! ಕೋಸಗಿ, ಮಂಚಾಲೆ, ಕೌತಾಳಂ, ಹೊಳಗುಂದ ಇವೆಲ್ಲ ಆ ಚಿಲ್ಲರೆಯಲ್ಲಿ ಬಂದ ಊರುಗಳು. ತುಂಗಭದ್ರೆ, ಅದು ಕೃಷ್ಣೆಗೆ ಸೇರಿದ ಮೇಲೆ ಕೃಷ್ಣೆ, ಇದೇ ಕಂಪನಿಗೂ ನಿಜಾಮನಿಗೂ ನಡುವಿನ ಎಲ್ಲೆಯಾಯಿತು.

ಇಲ್ಲಿ ಯಾರೂ ಕಣ್ಣು ಮುಚ್ಚಿ ಸ್ಕೇಲು ಇಡಲಿಲ್ಲ ಎಂಬುದನ್ನು ಗಮನಿಸಬೇಕು. ಬಹಳ ಯೋಚನೆ ಮಾಡಿ ಎಳೆದ ಗೆರೆ ಅದು. ದಂಡು ನಡೆಸಲಿಕ್ಕೆ, ಸುಂಕ ವಸೂಲಿಗೆ, ಪಾಳೆಯಗಾರ ತಪ್ಪಿಸಿಕೊಂಡು ಆಚೆ ಹೋಗದಂತೆ ಕಾಯಲಿಕ್ಕೆ ಹೊಳೆ ಅನುಕೂಲ. ಯೋಚನೆಯಲ್ಲಿ ಇಲ್ಲದ್ದು ಒಂದೇ, ಹೊಳೆಯ ಎರಡು ದಂಡೆಯಲ್ಲೂ ಇರುವವರು ಒಂದೇ ಮಾತಾಡುವವರು, ಬೀಗರು, ಒಂದೇ ದೇವರ ಒಕ್ಕಲು ಎಂಬುದು. ಆಗಿನ ಕಾಲದಲ್ಲಿ ಅದನ್ನು ಯಾರೂ ಯೋಚಿಸುತ್ತಿರಲಿಲ್ಲ ಬಿಡಿ, ನಿಜಾಮನೂ ಯೋಚಿಸಲಿಲ್ಲ, ಟಿಪ್ಪುವೂ ಯೋಚಿಸಿರಲಿಲ್ಲ. ಹಾಗಾಗಿ ತಪ್ಪು ಹೊರಿಸುವುದಕ್ಕೆ ನಾವು ಇದನ್ನು ಹೇಳುತ್ತಿಲ್ಲ. ಹೊಳೆ ಎಂಬುದು ತಾನಾಗಿಯೇ ಗಡಿ ಅಲ್ಲ, ಅದನ್ನು ಗಡಿ ಮಾಡಿದರು, ಮಾಡಿದ ದಿನಕ್ಕೆ ತಾರೀಖು ಇದೆ ಎಂದು ಹೇಳುತ್ತಿದ್ದೇವೆ. ಮಂತ್ರಾಲಯದ ಉದಾಹರಣೆಯೇ ಸಾಕು. ಮಂಚಾಲೆ ಗ್ರಾಮವನ್ನು ರಾಯರಿಗೆ ಬಿಟ್ಟುಕೊಟ್ಟವನು ಆದವಾನಿಯ ಸಿದ್ದಿ ಮಸೂದ್ ಖಾನ್. ರಾಯರ ಶಿಷ್ಯ ಅಪ್ಪಣ್ಣಾಚಾರ್ಯರ ಊರು ಹೊಳೆಯ ಆಚೆ, ರಾಯಚೂರು ಕಡೆಯ ಬಿಚ್ಚಾಲೆ. ಪಂಚಮುಖಿ ಆಂಜನೇಯ ಇರುವುದೂ ಆಚೆ ಗಾಣಧಾಳದಲ್ಲಿ. 1671ರಲ್ಲಿ ರಾಯರು ಬೃಂದಾವನ ಸೇರಿದಾಗ ಅದು ಒಂದೇ ಕ್ಷೇತ್ರ. ಈಗ ಮಂಚಾಲೆ ಒಂದು ರಾಜ್ಯ, ಬಿಚ್ಚಾಲೆ ಇನ್ನೊಂದು ರಾಜ್ಯ. ಉರುಕುಂದಿ ಈರಣ್ಣನಿಗೆ ಶ್ರಾವಣದಲ್ಲಿ ಬರುವ ಜನರನ್ನು ನೋಡಿ, ಅರ್ಧಕ್ಕರ್ಧ ಹೊಳೆ ದಾಟಿ ಬಂದವರು. ದೇವರಿಗೆ ಯಾವ ಒಪ್ಪಂದವೂ ತಾಗಲಿಲ್ಲ.

ಜನರಿಗೆ ತಾಗಿತು. ಥಾಮಸ್ ಮನ್ರೋ 1800ರಿಂದ 1807ರ ತನಕ ದತ್ತ ಮಂಡಲದ ಕಲೆಕ್ಟರ್ ಆಗಿದ್ದ. ಸುಮಾರು 80 ಪಾಳೆಯಗಾರರನ್ನು ಅಡಗಿಸಿದ, ಹೊಲ ಹೊಲ ಅಳೆಸಿ ರೈತವಾರಿ ಕಂದಾಯ ಹಾಕಿದ. 1801ರಲ್ಲಿ ತೆರ್ನೇಕಲ್ಲಿನವರು ಕಂದಾಯದ ವಿರುದ್ಧ ತಿರುಗಿಬಿದ್ದಾಗ ದಂಡು ಕಳಿಸಿ ಅಡಗಿಸಿದರು. ಇದೇ ಮನ್ರೋ ಮಂತ್ರಾಲಯದಲ್ಲಿ ರಾಯರ ಜೊತೆ ಮಾತಾಡಿದ ಎಂಬ ಕಥೆ ನಮಗೆಲ್ಲ ಬಾಯಿಪಾಠ. ತೆರ್ನೇಕಲ್ಲಿನ ಕಥೆ ಎಷ್ಟು ಮಕ್ಕಳಿಗೆ ಗೊತ್ತು? ಮದರಾಸಿನ ಗವರ್ನರ್ ಆಗಿ ಮತ್ತೆ ಈ ಸೀಮೆ ನೋಡಲು ಬಂದವನು 1827ರ ಜುಲೈಯಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ.

ಹೊಳೆಯ ಈಚೆ ರೈತವಾರಿ, ಕಂಪನಿ ರೂಪಾಯಿ, ಮದರಾಸಿನ ಕಾನೂನು. ಆಚೆ ನಿಜಾಮನ ಅಮಲು, ಹಾಲಿ ಸಿಕ್ಕಾ, ಉರ್ದು ಕಾಗದ, ನಾಕೆಯಲ್ಲಿ ಸುಂಕ. 1871ರಲ್ಲಿ ರೈಲು ಬಂತು, ಮದರಾಸಿನ ಗಾಡಿ ಕೋಸಗಿ ದಾಟಿ ಹೊಳೆಯ ಮೇಲಿನ ಸೇತುವೆ ಹತ್ತಿ ರಾಯಚೂರು ಮುಟ್ಟಿತು. ಆದರೂ ಗಡಿ ಗಡಿಯಾಗಿಯೇ ಉಳಿಯಿತು. ನೂರೈವತ್ತು ವರ್ಷ ಹೀಗೆ ನಡೆದರೆ ಒಂದೇ ಮಾತಿನ ಜನ ಎರಡು ಬಗೆಯ ಜನ ಆಗಿಬಿಡುತ್ತಾರೆ. ಅವರ ಕನ್ನಡದಲ್ಲಿ ಉರ್ದು ಹೆಚ್ಚು, ನಮ್ಮ ಕನ್ನಡದಲ್ಲಿ ತೆಲುಗು ಹೆಚ್ಚು. ಅವರು ನಮ್ಮನ್ನು ನೋಡಿ ನಗುತ್ತಾರೆ, ನಾವು ಅವರನ್ನು ನೋಡಿ ನಗುತ್ತೇವೆ. ಗಡಿಯಿಂದ ಒಳ್ಳೆಯದೂ ಆಗಿದೆ ಎಂಬುದನ್ನು ಮುಚ್ಚಿಡಬಾರದು. 1947-48ರಲ್ಲಿ ರಜಾಕಾರರ ಹಾವಳಿಗೆ ಹೆದರಿ ಹೊಳೆ ದಾಟಿ ಬಂದವರಿಗೆ ಈಚೆ ದಂಡೆಯೇ ಆಸರೆ ಆಯಿತು. ಗಡಿ ಇಲ್ಲದಿದ್ದರೆ ಓಡಿ ಬರಲಿಕ್ಕೆ ಜಾಗವೇ ಇರುತ್ತಿರಲಿಲ್ಲ.

ಇನ್ನು ಇಂಗ್ಲಿಷರು ಹೋದ ಮೇಲಿನ ಮಾತು. ಇಲ್ಲೇ ನಮ್ಮ ಕೊರಗಿನವರು ಜಾರುತ್ತಾರೆ. ಆದವಾನಿ, ಆಲೂರು, ರಾಯದುರ್ಗ ಮೂರು ತಾಲೂಕು ಬಳ್ಳಾರಿ ಜಿಲ್ಲೆಯಿಂದ ಕಿತ್ತು ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಆಗ ಇಂಗ್ಲಿಷರು ಹೋಗಿ ಆರು ವರ್ಷ ಆಗಿತ್ತು. ಅದಕ್ಕೂ ಮೊದಲೇ 1921ರಲ್ಲಿ ಕಾಂಗ್ರೆಸ್ಸಿನ ಆಂಧ್ರ ಮತ್ತು ಕರ್ನಾಟಕ ಸಮಿತಿಗಳು ಬಳ್ಳಾರಿಗಾಗಿ ಜಗಳ ಮಾಡಿಕೊಂಡು ಎನ್.ಸಿ. ಕೇಳ್ಕರರ ಪಂಚಾಯ್ತಿಗೆ ಹೋಗಿದ್ದವು. 1953ರಲ್ಲಿ ವಾಂಛೂ ವರದಿ ಬಂತು. ಬಳ್ಳಾರಿ ತಾಲೂಕು ಒಂದಕ್ಕೆ ಜಗಳ ತೀರದೆ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಬಂದು ವಿಚಾರಣೆ ಮಾಡಿದರು, ಅದು ಮೈಸೂರಿಗೆ ಉಳಿಯಿತು. ನಮ್ಮ ಮೂರು ತಾಲೂಕಿಗೆ ಅಂಥ ವಿಚಾರಣೆಯೂ ಆಗಲಿಲ್ಲ. ತಾಲೂಕು ತಾಲೂಕಾಗಿಯೇ ಎತ್ತಿಟ್ಟರು. ಕೆಲವೇ ವರ್ಷದ ಮೇಲೆ ಆಂಧ್ರ ಮತ್ತು ಮದರಾಸು ನಡುವೆ ಪಟಾಸ್ಕರ್ ಅವರು ಗಡಿ ತೀರ್ಮಾನ ಮಾಡಿದಾಗ ಹಳ್ಳಿಯನ್ನೇ ಅಳತೆಗೋಲು ಮಾಡಿಕೊಂಡರು. ಯಾವ ಹಳ್ಳಿಯಲ್ಲಿ ಯಾವ ಮಾತು ಹೆಚ್ಚು, ಅದು ಆ ರಾಜ್ಯಕ್ಕೆ ಅಂಟಿಕೊಂಡಿದೆಯೇ ಎಂದು ನೋಡಿದರು. ಆ ಅಳತೆಗೋಲು ನಮ್ಮ ಹೊಳೆ ದಂಡೆಗೆ ಬರಲೇ ಇಲ್ಲ. ಕಾಕ್ಸ್‌ನ ಪೆನ್ಸಿಲ್ಲಿಗೆ ನಗುವ ನಾವು ನಮ್ಮವರೇ ಎಳೆದ ಗೆರೆಯನ್ನು ಎಷ್ಟು ಹತ್ತಿರದಿಂದ ನೋಡಿದ್ದೇವೆ?

ಇನ್ನೊಂದು ಲೆಕ್ಕ ಇದೆ, ಇದು ನಮ್ಮ ಅಂದಾಜು ಮಾತ್ರ. 1800ರಲ್ಲಿ ಆ ಅದಲುಬದಲು ಆಗದಿದ್ದರೆ ಆದವಾನಿ ನಿಜಾಮನಲ್ಲೇ ಉಳಿದು, 1953ರ ಜಗಳದಲ್ಲಿ ಸಿಕ್ಕದೆ, 1956ರಲ್ಲಿ ರಾಯಚೂರಿನ ಜೊತೆ ಹಂಚಿಕೆಗೆ ಬರುತ್ತಿತ್ತು. ಆಗ ಪೂರ್ತಿ ಕರ್ನಾಟಕಕ್ಕೆ ಬರುತ್ತಿತ್ತು ಎಂದು ಹೇಳಲಾಗದು. ರಾಯಚೂರು ಜಿಲ್ಲೆಯಿಂದಲೇ ಗದ್ವಾಲ, ಆಲಂಪುರ ತಾಲೂಕುಗಳನ್ನು ಆಗ ಆಂಧ್ರಕ್ಕೆ ಕೊಟ್ಟರಲ್ಲ. ಆದರೆ ಮಾತಿನ ಲೆಕ್ಕದಲ್ಲಿ, ಸಾವಕಾಶವಾಗಿ ಒಂದು ಹಂಚಿಕೆ ಆಗುತ್ತಿತ್ತು. ಕೊಪ್ಪಳ ನಿಜಾಮನಲ್ಲೇ ಉಳಿದು 1956ರಲ್ಲಿ ಕರ್ನಾಟಕಕ್ಕೆ ಬಂತು, ಈಗ ಅದೊಂದು ಜಿಲ್ಲೆ. ಕೊಪ್ಪಳದ ಬದಲಿಗೆ ಹೋದ ನಾವು ಕನ್ನಡ ಮೀಡಿಯಂ ಅಲ್ಪಸಂಖ್ಯಾತರು.

ಈಗ ಉಕೈರಿನ ಆ ಎರಡು ಸಂಗತಿ. ಒಂದು, ಗಡಿಯ ಹತ್ತಿರದ ಬಾವಿಗಳ ಮೇಲೆ ಕೋಟೆ ಕಟ್ಟಬಾರದು, ದಂಡು ಸೇರಿಸಬಾರದು ಎಂದು ಇರಾಕೂ ನಜ್ದೂ ಬರೆದುಕೊಂಡವು. ಗೆರೆ ಯಾರದೇ ಆಗಲಿ, ನೀರು ಬಾಯಾರಿದವನದು ಎಂಬ ಲೆಕ್ಕ. 1927ರಲ್ಲಿ ಇರಾಕಿನವರು ಬುಸೈಯಾ ಎಂಬಲ್ಲಿ ಠಾಣೆ ಕಟ್ಟಲು ಹೋದರು, ಇದು ಮಾತಿಗೆ ತಪ್ಪಿದಂತೆ ಎಂದು ಮುತೈರ್ ಕುಲದವರು ಮೇಲೆ ಬಿದ್ದರು, ರಕ್ತ ಹರಿಯಿತು. ಎರಡು, ಕಾಕ್ಸ್ ಗೆರೆಯ ಜೊತೆಗೆ ಎರಡು ತುಂಡು ನೆಲ ಬೇರೆ ತೆಗೆದಿಟ್ಟ. ನಜ್ದ್-ಇರಾಕ್ ನಡುವೆ ಒಂದು, ನಜ್ದ್-ಕುವೈತ್ ನಡುವೆ ಒಂದು. ಇವು ಯಾರದೂ ಅಲ್ಲ, ಇಬ್ಬರದೂ ಹೌದು. ಎರಡೂ ಕಡೆಯ ಕುರುಬರು ಮೇಯಿಸಬಹುದು, ನೀರು ಕುಡಿಸಬಹುದು, ಹಕ್ಕು ಸಮಸಮ. ತಟಸ್ಥ ವಲಯ ಎಂದು ಹೆಸರು. ಕುವೈತಿನದನ್ನು 1970ರ ಹೊತ್ತಿಗೆ ಎರಡು ಭಾಗ ಮಾಡಿಕೊಂಡರು, ಇರಾಕಿನದನ್ನು ಹಂಚಿಕೊಳ್ಳಲು 1981ರಲ್ಲಿ ಒಪ್ಪಿದರು. ನೆಲ ಹಂಚಿದ ಮೇಲೂ ಕುವೈತೂ ಸೌದಿಯೂ ಅಲ್ಲಿನ ಎಣ್ಣೆಯನ್ನು ಸಮನಾಗಿಯೇ ಹಂಚಿಕೊಳ್ಳುತ್ತವೆ. ಎಣ್ಣೆ ಇರುವ ಕಡೆ ಇಷ್ಟು ಸಲೀಸಾಗಿ ಬಗೆಹರಿಯುವುದು ಅಪರೂಪ. ಬುರೈಮಿ ಎಂಬ ಓಯಸಿಸ್ಸಿಗಾಗಿ 1952ರಲ್ಲಿ ಸೌದಿಯವರು ಬಂದು ಕೂತು, ಜಿನೀವಾದಲ್ಲಿ ಪಂಚಾಯ್ತಿ ಮುರಿದು, 1955ರ ಅಕ್ಟೋಬರಿನಲ್ಲಿ ಇಂಗ್ಲಿಷ್ ಅಧಿಕಾರಿಗಳ ಪಡೆ ಬಂದು ಅವರನ್ನು ಓಡಿಸಿತು.

ನಮ್ಮಲ್ಲಿ ಎಣ್ಣೆ ಇಲ್ಲ. ನೀರಿದೆ, ಇದ್ದೂ ಇಲ್ಲ. ನೀರಿನ ವಿಷಯದಲ್ಲಿ ಹಳೆಯ ದೊರೆಗಳೂ ಕಡೆಗೆ ಕೂಡಿ ಕೂತರು ಎಂಬುದು ನೆನಪಿರಲಿ. ಮದರಾಸೂ ಹೈದರಾಬಾದೂ ದಶಕಗಟ್ಟಲೆ ಎಳೆದಾಡಿ 1944ರಲ್ಲಿ ಒಪ್ಪಿ, 1945ರ ಫೆಬ್ರವರಿ 28ರಂದು ತುಂಗಭದ್ರಾ ಡ್ಯಾಮಿಗೆ ಎರಡು ದಂಡೆಯಲ್ಲಿ ಎರಡು ಅಡಿಗಲ್ಲು ಹಾಕಿದರು. ಒಂದೇ ಡ್ಯಾಮಿಗೆ ಎರಡು ಅಡಿಗಲ್ಲು! ಇನ್ನು ರಾಜೋಳಿಬಂಡಾ ಆಣೆಕಟ್ಟು. ಎಡದಂಡೆ ರಾಯಚೂರು ಜಿಲ್ಲೆ, ಬಲದಂಡೆ ನಮ್ಮ ಕೋಸಗಿ ಮಂಡಲದ ಅಗಸನೂರು. ಕಾಲುವೆ ಹೋಗುವುದು ಎಡಕ್ಕೆ, ಸ್ವಲ್ಪ ಕರ್ನಾಟಕಕ್ಕೆ, ಬಹುಪಾಲು ಆಲಂಪುರಕ್ಕೆ. ಬಚಾವತ್ ನ್ಯಾಯಮಂಡಳಿ ಇದಕ್ಕೆ ಇಟ್ಟದ್ದು 17.1 ಟಿಎಂಸಿ, ಅದರಲ್ಲಿ 15.9 ಈಗಿನ ತೆಲಂಗಾಣದ ಪಾಲು, 1.2 ಕರ್ನಾಟಕದ್ದು. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2013ರಲ್ಲಿ ಬಲದಂಡೆ ಕಾಲುವೆಗೆ 4 ಟಿಎಂಸಿ ಎಂದಿತು, ಅದಕ್ಕೆ ತಕರಾರು ಎದ್ದಿತು. 2014ರಿಂದ ಮೂರು ರಾಜ್ಯಗಳ ಜಗಳ. ಆಣೆಕಟ್ಟು ಕಣ್ಣೆದುರು ಇದ್ದೂ ಕೋಸಗಿಯ ಜನ ಸುಗ್ಗಿ ಮುಗಿಯುತ್ತಲೇ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲಿಕ್ಕೆ ಹೋಗುತ್ತಾರೆ. ಮಕ್ಕಳೂ ಹೋಗುತ್ತಾರೆ. ಆ ತಿಂಗಳುಗಳಲ್ಲಿ ನಮ್ಮ ಹಾಜರಿ ಪುಸ್ತಕ ನೋಡಲಿಕ್ಕೆ ಸಂಕಟ.

ತಟಸ್ಥ ವಲಯದ ಮಾತು ನಾವು ಯಾಕೆ ಎತ್ತಿದೆವು ಎಂದರೆ, ಗಡಿ ಬದಲಿಸದೆ ಗಡಿಯ ಜನರಿಗೆ ಎರಡೂ ಕಡೆ ಹಕ್ಕು ಕೊಡಬಹುದು ಎಂಬುದಕ್ಕೆ ಅದು ಉದಾಹರಣೆ. ಕುರಿಗೆ ಕೊಟ್ಟ ಸೌಲಭ್ಯ ಮಗುವಿಗೆ ಕೊಡಬಾರದೇ? ನಮ್ಮ ಮಕ್ಕಳಿಗೆ ಬೇಕಾದ್ದು ಆದವಾನಿಯನ್ನು ಕರ್ನಾಟಕಕ್ಕೆ ಸೇರಿಸುವುದಲ್ಲ. ಆ ಭಾಷಣ ನವೆಂಬರ್ 1ಕ್ಕೆ ಚೆನ್ನಾಗಿರುತ್ತದೆ, ನವೆಂಬರ್ 2ಕ್ಕೆ ಯಾರಿಗೂ ನೆನಪಿರುವುದಿಲ್ಲ. ಬೇಕಾದ್ದು, ಈಚೆ ಕಡೆ ಕನ್ನಡದ ಪಾಠಪುಸ್ತಕ ಶಾಲೆ ತೆರೆದ ದಿನ ಕೈಗೆ ಸಿಗುವುದು, ಡಿಎಸ್ಸಿಯಲ್ಲಿ ಕನ್ನಡ ಮೀಡಿಯಂ ಹುದ್ದೆ ಖಾಲಿ ಉಳಿಯದಿರುವುದು. ಇದು ದಯೆಯ ಮಾತಲ್ಲ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಬೇಕೆಂಬ 350ಎ ವಿಧಿ 1956ರಿಂದ ಸಂವಿಧಾನದಲ್ಲಿದೆ. ಆಚೆ ಕಡೆ, ಹತ್ತನೇ ತರಗತಿ ಕನ್ನಡದಲ್ಲಿ ಮುಗಿಸಿ ರಾಯಚೂರಿಗೋ ಸಿರುಗುಪ್ಪಕ್ಕೋ ಬಳ್ಳಾರಿಗೋ ಓದಲು ಹೋದ ಮಗುವನ್ನು ಹೊರಗಿನವನು ಎನ್ನದಿರುವುದು.

ಆಚೆಯ ಕಡೆ ಒಂದು ವಿಚಿತ್ರ ಇದೆ. ಕರ್ನಾಟಕದ ಸಿಇಟಿ ಅರ್ಹತೆ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆ ಎಂದು ಇರುವ ಕಲಮಿನಲ್ಲಿ ನಾವು ವರ್ಷಗಳಿಂದ ಕಂಡಿರುವ ಹೆಸರುಗಳು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಮತ್ತು ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ವಿವಾದಿತ ಕನ್ನಡ ಪ್ರದೇಶಗಳು ಎಂದು ಅವಕ್ಕೆ ಹೆಸರು. ಆದೋನಿ ಇಲ್ಲ, ಆಲೂರು ಇಲ್ಲ, ರಾಯದುರ್ಗ ಇಲ್ಲ. ಯಾಕೆ? 1966ರಲ್ಲಿ ನೇಮಿಸಿ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ನೋಡಿದ್ದು ಮಹಾರಾಷ್ಟ್ರ ಮತ್ತು ಕೇರಳದ ಗಡಿಯನ್ನು ಮಾತ್ರ. ನಮ್ಮ ಗಡಿ 1953ಕ್ಕೇ ತೀರ್ಮಾನವಾಗಿತ್ತು, ವಿವಾದವೇ ಇಲ್ಲ. ಅಂದರೆ ಜಗಳ ಮಾಡುತ್ತಾ ಇದ್ದವರ ಮಕ್ಕಳಿಗೆ ಕಲಮು ಸಿಕ್ಕಿತು, ಸುಮ್ಮನೆ ಒಪ್ಪಿಕೊಂಡವರ ಮಕ್ಕಳು ಹೊರನಾಡ ಕನ್ನಡಿಗರ ಬೇರೆ ಸಾಲಿನಲ್ಲಿ, ಬೇರೆ ಷರತ್ತುಗಳೊಡನೆ ನಿಲ್ಲಬೇಕಾಯಿತು. ಹೊಳೆಯ ಈಚೆ ದಂಡೆಯಲ್ಲಿ, ಆಚೆ ದಂಡೆಯ ದೀಪ ಕಾಣುವಷ್ಟು ಹತ್ತಿರ ಇರುವ ಊರಿನ ಮಗು ಮುಂಬಯಿಯ, ದೆಹಲಿಯ ಕನ್ನಡಿಗರ ಸಾಲಿಗೆ! ಕಾಸರಗೋಡಿನ ಬಂಧುಗಳಿಗೆ ಸಿಕ್ಕಿದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ, ಅವರ ಕಷ್ಟ ಅವರಿಗೆ. ಗಡಿನಾಡು ಎಂಬುದನ್ನು ಜಗಳದಿಂದ ಅಳೆಯಬಾರದು, ಶಾಲೆಯಿಂದ ಅಳೆಯಬೇಕು ಎಂಬುದಷ್ಟೇ ನಮ್ಮ ವಾದ. ಒಂದನೇ ತರಗತಿಯಿಂದ ಹತ್ತರ ತನಕ ಕನ್ನಡ ಮೀಡಿಯಂನಲ್ಲಿ ಓದಿದ ಮಗು, ಗಡಿಗೆ ಹತ್ತಿದ ಮಂಡಲದ ಮಗು, ಇಷ್ಟು ಸಾಲದೇ? ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದವರು ಶಾಲೆಗಳಿಗೆ ಕೊಠಡಿ, ಸಾಮಾನು ಕೊಡುವುದು ಸಂತೋಷವೇ. ಅದರ ಜೊತೆ ಈ ಕಲಮು ತಿದ್ದಿಸಿದರೆ ಖರ್ಚೂ ಇಲ್ಲ.

ಇನ್ನು ನಮ್ಮ ಶಾಲೆಗಳಲ್ಲಿ ನಾವೇ ಮಾಡಬಹುದಾದ್ದು. ಎಂಟನೇ ತರಗತಿಗೆ ಸಹಾಯಕ ಸೈನ್ಯ ಪದ್ಧತಿ ಹೇಳುವ ದಿನ ಕಪ್ಪು ಹಲಗೆಯ ಮೇಲೆ ತುಂಗಭದ್ರೆ ಬರೆಯಿರಿ. ಮೇಲೆ ಕೊಪ್ಪಳ, ಕೆಳಗೆ ಆದವಾನಿ, ನಡುವೆ ಒಂದು ಬಾಣ ಈ ಕಡೆ, ಒಂದು ಬಾಣ ಆ ಕಡೆ. ಹತ್ತು ನಿಮಿಷ ಸಾಕು. ಆಮೇಲೆ ಬೇಕಾದರೆ ಅರೇಬಿಯಾದ ನಕ್ಷೆ ತೋರಿಸಿ, ಕುವೈತಿನ ಕೆಳಗೆ ಇದ್ದ ಆ ತಟಸ್ಥ ತುಂಡು ತೋರಿಸಿ. ಯಾರಾದರೂ ಮಗುವಿನ ಬಂಧು ಅಲ್ಲಿ ದುಡಿಯುತ್ತಿರಬಹುದು.

ಮಕ್ಕಳಿಗೆ ಇನ್ನೊಂದು ಕೆಲಸವನ್ನೂ ಹೇಳಬಹುದು. ಮನೆಯಲ್ಲಿ ಅಜ್ಜನ ಪೆಟ್ಟಿಗೆಯಲ್ಲಿ 1953ಕ್ಕೆ ಮುಂಚಿನ ಹೊಲದ ಪಟ್ಟೆಯೋ ಕ್ರಯಪತ್ರವೋ ಇದ್ದರೆ ನೋಡಿ ಬರಲಿ, ಕಾಗದ ಶಾಲೆಗೆ ತರುವುದು ಬೇಡ, ಹರಿದು ಹೋದೀತು. ಯಾವ ಜಿಲ್ಲೆ, ಯಾವ ತಾಲೂಕು ಎಂದು ಬರೆದಿದೆ, ಬರವಣಿಗೆ ಯಾವ ಲಿಪಿಯಲ್ಲಿದೆ, ಸಾಕ್ಷಿ ಹಾಕಿದವರು ಯಾವ ಲಿಪಿಯಲ್ಲಿ ಸಹಿ ಮಾಡಿದ್ದಾರೆ, ಇಷ್ಟು ಬರೆದುಕೊಂಡು ಬರಲಿ. ಕೌತಾಳಂ, ಹೊಳಗುಂದ, ಹಾಲಹರ್ವಿ, ಮಂತ್ರಾಲಯ ಕಡೆಯ ಗೆಳೆಯರು ತಮ್ಮ ಶಾಲೆಗಳಲ್ಲಿ ಇದನ್ನು ಮಾಡಿಸಿದರೆ ಪಟ್ಟಿಯನ್ನು ನಮಗೂ ಕಳಿಸಿಕೊಡಿ. ಬೇಸಿಗೆ ರಜೆಗೆ ಮೊದಲು ಬಂದರೆ ಒಳ್ಳೆಯದು, ರಜೆ ಬಿದ್ದರೆ ಮಕ್ಕಳು ಊರಲ್ಲಿ ಇರುವುದಿಲ್ಲ.